ಕ್ಯಾಲೊರಿ ಲೆಕ್ಕ: ಬರಗಾಲದಿಂದ ಬೊಜ್ಜಿನವರೆಗೆ

ಇತ್ತೀಚೆಗೆ ನಮ್ಮ ಮುಂಬಯಿ ಕನ್ನಡಿಗರು ನಾಲ್ಕು ಜನ ಎಲ್ಲೇ ಸೇರಲಿ, ಸಂಘದ ನಾಟಕವಿರಲಿ, ಮದುವೆ ಮನೆಯಿರಲಿ, ಮಾತು ಶುರುವಾಗುವುದು ಸಕ್ಕರೆ ಕಾಯಿಲೆಯಿಂದ, ಮುಗಿಯುವುದು ತೂಕದಲ್ಲಿ. "ನಂದು ಈಗ ದಿನಕ್ಕೆ ಸಾವಿರದೈನೂರು ಕ್ಯಾಲೊರಿ" ಎಂದು ಒಬ್ಬರು ಹೇಳಿದರೆ, "ನಂದು ಸಾವಿರದಿನ್ನೂರು" ಎಂದು ಇನ್ನೊಬ್ಬರು. ಅಷ್ಟರಲ್ಲಿ ಹೋಳಿಗೆ ಬರುತ್ತದೆ, ಲೆಕ್ಕ ಮುಂದಿನ ಸೋಮವಾರಕ್ಕೆ ಹೋಗುತ್ತದೆ!

ನಾನು ಓದಿದ್ದು ಬಿ.ಕಾಂ. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ನಂಟು ಮುಗಿಯಿತು. ಆದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ಜಮಾ-ಖರ್ಚು ನೋಡಿದವನಿಗೆ, ಎಲ್ಲಿ ಲೆಕ್ಕವಿದೆಯೋ ಅಲ್ಲಿ ಕುತೂಹಲ. ಊಟಕ್ಕೆ ಲೆಡ್ಜರ್ ತೆರೆದವರು ಯಾರು? ಸಾವಿರದೈನೂರು ಎಂಬ ಅಂಕಿ ಎಲ್ಲಿಂದ ಬಂತು? ವೈದ್ಯರು ನನಗೂ ತೂಕ ಇಳಿಸಲು ಹೇಳಿದ ಮೇಲೆ ಬಿಡುವಾದಾಗಲೆಲ್ಲ ಇದನ್ನು ಹುಡುಕಿ ಓದಿದೆ. ಓದುತ್ತಾ ಹೋದಂತೆ ಈ ಕತೆ ಯುರೋಪಿನಲ್ಲಿ ಶುರುವಾಗಿ ನಮ್ಮೂರ ಬರಗಾಲದ ಬಾಗಿಲಿಗೇ ಬಂದು ನಿಂತಿತು.

ತಕ್ಕಡಿಯಲ್ಲಿ ಕುಳಿತ ವೈದ್ಯ

ಮಿತವಾಗಿ ತಿಂದು ನೂರು ಕಾಲ ಬಾಳು ಎಂಬ ಮಾತು ಎಲ್ಲ ದೇಶದಲ್ಲೂ ಇದೆ. ಅದಕ್ಕೆ ಅಳತೆ ಹಾಕಿದವರಲ್ಲಿ ಹೆಸರಾದವನು ಇಟಲಿಯ ಲುಯಿಗಿ ಕೊರ್ನಾರೊ. ನಲವತ್ತರ ಆಸುಪಾಸಿನಲ್ಲಿ ತಿಂದು ಕುಡಿದು ದೇಹ ಕೆಟ್ಟು, ವೈದ್ಯರು ಕೈಚೆಲ್ಲಿದಾಗ ಈತ ದಿನಕ್ಕೆ 12 ಔನ್ಸ್ ಆಹಾರ, 14 ಔನ್ಸ್ ದ್ರಾಕ್ಷಾರಸ ಎಂದು ಗೆರೆ ಎಳೆದುಕೊಂಡ. ಮುಪ್ಪಿನಲ್ಲಿ ಬಂಧುಗಳ ಒತ್ತಾಯಕ್ಕೆ ಎರಡೆರಡು ಔನ್ಸ್ ಹೆಚ್ಚಿಸಿದ್ದಕ್ಕೆ ಕಾಯಿಲೆ ಬಿದ್ದೆ ಎಂದು ಅವನೇ ಬರೆದುಕೊಂಡಿದ್ದಾನೆ. 1558ರಲ್ಲಿ ಬಂದ ಅವನ ಪುಸ್ತಕ ಮುಂದೆ ಶತಮಾನಗಳ ಕಾಲ ಅಚ್ಚಾಗುತ್ತಲೇ ಇತ್ತು.

ಅವನ ನಂತರ ಬಂದವನು ಸ್ಯಾಂಟೋರಿಯೊ ಎಂಬ ವೈದ್ಯ. ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲೇ ಕುಳಿತು ಊಟ ಮಾಡಿ, ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗುತ್ತಾ ಸುಮಾರು ಮೂವತ್ತು ವರ್ಷ ಕಳೆದ. ಎಂಟು ಪೌಂಡು ಒಳಗೆ ಹೋದರೆ ಐದು ಪೌಂಡಿನಷ್ಟು ಕಣ್ಣಿಗೆ ಕಾಣದೆ ಹೊರಗೆ ಹೋಗುತ್ತದೆ ಎಂದು 1614ರಲ್ಲಿ ಪ್ರಕಟಿಸಿದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ಯಾಷ್ ತಾಳೆಯಾಗಲಿಲ್ಲ, ವ್ಯತ್ಯಾಸವನ್ನು ಮಾತ್ರ ಪ್ರಾಮಾಣಿಕವಾಗಿ ಬರೆದಿಟ್ಟ.

ಆ ವ್ಯತ್ಯಾಸಕ್ಕೆ ಉತ್ತರ ಕೊಟ್ಟವನು ಪ್ಯಾರಿಸ್ಸಿನ ಲವಾಸಿಯೆ. 1782-83ರ ಚಳಿಗಾಲದಲ್ಲಿ ಆತ ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ, ಸುತ್ತ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಯಿಲಿಯನ್ನು ಇಟ್ಟ. ಇಲಿಯ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದು ಬಿಟ್ಟ ಉಸಿರಿಗೆ ಸಮನಾದ ಇದ್ದಿಲು ಸುಟ್ಟರೆ ಎಷ್ಟು ಕರಗುತ್ತದೆ ಎಂದು ಹೋಲಿಸಿದ. ಎರಡೂ ಹತ್ತಿರ ಹತ್ತಿರ ಬಂದವು. ಜೀವವೆಂದರೆ ಒಳಗೆ ನಿಧಾನವಾಗಿ ಉರಿಯುವ ಒಲೆ ಎಂದು ಗೊತ್ತಾಯಿತು. ಅಂದ ಹಾಗೆ, ಲವಾಸಿಯೆ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ರಾಜನಿಗೆ ತೆರಿಗೆ ವಸೂಲಿ ಮಾಡಿಕೊಡುವ ಕಂಪನಿಯ ಪಾಲುದಾರಿಕೆ. ಅದೇ ಕಾರಣಕ್ಕೆ 1794ರಲ್ಲಿ ಕ್ರಾಂತಿಕಾರಿಗಳು ಅವನ ತಲೆ ಕಡಿದರು. ಜಮೆ-ಖರ್ಚು ಸರಿಹೋಗಲೇಬೇಕೆಂಬ ಅವನ ಹಟ ಎಲ್ಲಿಂದ ಬಂತೆಂದು ನನ್ನಂಥವರಿಗೆ ಬೇಗ ಅರ್ಥವಾಗುತ್ತದೆ.

ಕ್ಯಾಲೊರಿ ಎಂಬ ಹೆಸರು ಬಂದದ್ದು ಇನ್ನೂ ನಂತರ. 1820ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ನಿಕೊಲಾ ಕ್ಲೆಮೆಂಟ್ ತನ್ನ ಪಾಠಗಳಲ್ಲಿ ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖಕ್ಕೆ ಈ ಹೆಸರು ಬಳಸಿದ. ಅವನ ತಲೆಯಲ್ಲಿದ್ದದ್ದು ಉಗಿಯಂತ್ರ. ಚಪಾತಿಯೂ ಇರಲಿಲ್ಲ, ಹೋಳಿಗೆಯೂ ಇರಲಿಲ್ಲ.

ಎರಡು ಪೌಂಡುಗಳ ಕತೆ

ಈಗ ಒಂದೇ ಕಾಲದ ಎರಡು ಘಟನೆಗಳನ್ನು ಅಕ್ಕಪಕ್ಕ ಇಡುತ್ತೇನೆ.

ಮೊದಲನೆಯದು ಲಂಡನ್. ವಿಲಿಯಂ ಬ್ಯಾಂಟಿಂಗ್ ಎಂಬಾತನದು ಶವಸಂಸ್ಕಾರದ ವ್ಯವಸ್ಥೆ ಮಾಡುವ ವ್ಯಾಪಾರ. ರಾಜಮನೆತನದವರ ಅಂತ್ಯಕ್ರಿಯೆಯೂ ಅವನ ಮನೆತನದ ಕೈಯಲ್ಲೇ. ಅರವತ್ತು ದಾಟಿದ ಮೇಲೆ ಅವನ ತೂಕ 202 ಪೌಂಡು, ಎತ್ತರ ಐದಡಿ ಐದಂಗುಲ. ಬೂಟಿನ ದಾರ ಕಟ್ಟಲೂ ಬಗ್ಗಲಾಗುತ್ತಿರಲಿಲ್ಲ. ಕಿವಿ ಮಂದವಾಯಿತೆಂದು ಹೋದ ವೈದ್ಯ ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಲು ಹೇಳಿದ. ಬ್ಯಾಂಟಿಂಗ್ ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದ, ವಾರಕ್ಕೆ ಹೆಚ್ಚುಕಡಿಮೆ ಒಂದು ಪೌಂಡಿನಂತೆ. 1863ರಲ್ಲಿ ಅವನು ಬರೆದ ಪುಟ್ಟ ಪುಸ್ತಿಕೆ ಎಷ್ಟು ಪ್ರಸಿದ್ಧವಾಯಿತೆಂದರೆ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೇ ಅವನ ಹೆಸರು ಬಂತು. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ತೂಕ ಇಳಿಸುವುದಕ್ಕೆ "ಬಾಂಟಾ" ಎನ್ನುತ್ತಾರೆ.

ಎರಡನೆಯದು ನಮ್ಮ ಕಡೆ. 1876-78, ಧಾತು-ಈಶ್ವರ ಸಂವತ್ಸರಗಳ ದೊಡ್ಡ ಬರ. ಮದ್ರಾಸ್ ಪ್ರಾಂತ, ಮೈಸೂರು, ಮುಂಬಯಿ ಪ್ರಾಂತದ ನಮ್ಮ ಧಾರವಾಡ-ಕಲಾದಗಿ ಸೀಮೆ ಎಲ್ಲಾ ಒಣಗಿ ಬಿರುಕುಬಿಟ್ಟವು. ಖರ್ಚು ಕಡಿಮೆ ಮಾಡಲೆಂದು ಸರಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅಷ್ಟಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದು ಜೀವ ಹಿಡಿಯಲು ಸಾಲದು, ಒಂದೂವರೆ ಪೌಂಡಾದರೂ ಬೇಕು, ಜೊತೆಗೆ ಬೇಳೆ ಬೇಕು ಎಂದು ವಾದಿಸಿದರು. ಪುಣೆಯ ಸಾರ್ವಜನಿಕ ಸಭೆ ಮುಂಬಯಿ ಪ್ರಾಂತದ ಕೂಲಿಗಳ ಪರವಾಗಿ ಸರಕಾರಕ್ಕೆ ಮನವಿಗಳ ಮೇಲೆ ಮನವಿ ಬರೆಯಿತು. ಕೆಲವು ತಿಂಗಳ ಮೇಲೆ ಮದ್ರಾಸ್ ಸರಕಾರ ಮಣಿಯಿತು. ಅಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.5 ಲಕ್ಷ ಇದ್ದದ್ದು 1881ರ ಗಣತಿಯಲ್ಲಿ 41.8 ಲಕ್ಷ.

ಟೆಂಪಲ್‌ಗೂ ಕಾರ್ನಿಷ್‌ಗೂ ಕ್ಯಾಲೊರಿ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಲೆಕ್ಕ ಹಾಕೋಣ. ಒಂದು ಪೌಂಡೆಂದರೆ 454 ಗ್ರಾಂ. ಅಕ್ಕಿ 100 ಗ್ರಾಮಿಗೆ 345 ಕ್ಯಾಲೊರಿ, ಜೋಳ 349. ಎರಡರಲ್ಲಿ ಯಾವುದನ್ನು ಕೊಟ್ಟರೂ ಸುಮಾರು 1,570 ಕ್ಯಾಲೊರಿ. ಮದುವೆ ಮನೆಯಲ್ಲಿ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅಂಕಿ ಇದೇ! ಆ ಜನ ಇಷ್ಟನ್ನು ತಿಂದು ಇಡೀ ದಿನ ಬಿಸಿಲಲ್ಲಿ ಕಲ್ಲು ಒಡೆದರು, ಮಣ್ಣು ಹೊತ್ತರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ ಭಾರಿ ದೈಹಿಕ ಕೆಲಸ ಮಾಡುವ ಗಂಡಸಿಗೆ ಬೇಕಾದದ್ದು 3,470. ಕುರ್ಚಿ ಕೆಲಸದವನಿಗೆ 2,110, ಅಂಥದೇ ಕೆಲಸದ ಹೆಂಗಸಿಗೆ 1,660. ಅಂಕಿ ಒಂದೇ. ಕುರ್ಚಿಯವನಿಗೆ ಅದು ಪಥ್ಯ, ಗುದ್ದಲಿಯವನಿಗೆ ಉಪವಾಸ.

ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ ಆಯಿ, ತಟ್ಟೆಯಲ್ಲಿ ಅಗಳು ಬಿಟ್ಟರೆ, "ತಿನ್ನೋ ಯಪ್ಪಾ, ನಮ್ಮ ಹಿರ್‍ಯಾರು ಹುಲ್ಲಿನ ಬೀಜಾ ಬೀಸಿ ತಿಂದಾರ" ಎನ್ನುತ್ತಿದ್ದಳು. ಆ ಮಾತು ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಪೂರ್ತಿ ತಿನ್ನು, ಇನ್ನೊಂದು ರೊಟ್ಟಿ ಹಾಕಿಸಿಕೊ ಎಂಬ ನಮ್ಮ ಮನೆಗಳ ಪ್ರೀತಿಯ ಬೇರು ಎಲ್ಲಿದೆಯೆಂದು ಈಗ ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಪೆಟ್ಟಿಗೆಯೊಳಗೆ ಮನುಷ್ಯ

ಆಹಾರದ ಕ್ಯಾಲೊರಿಯನ್ನು ಜನಸಾಮಾನ್ಯರ ಬಳಿ ತಂದವರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್‌ನಲ್ಲಿ ತಾಮ್ರದ ಹೊದಿಕೆಯ ಒಂದು ಪುಟ್ಟ ಕೋಣೆ ಕಟ್ಟಿಸಿ, ಮನುಷ್ಯನನ್ನು ದಿನಗಟ್ಟಲೆ ಒಳಗೆ ಕೂರಿಸಿದರು. ಊಟ ತೂಗಿ ಕಿಂಡಿಯಲ್ಲಿ ಕೊಡುವುದು, ಅವನ ಉಸಿರು, ಮಲಮೂತ್ರ ಎಲ್ಲ ಅಳೆಯುವುದು, ಮೈಶಾಖವನ್ನು ಕೊಳವೆಯ ನೀರಿನಲ್ಲಿ ಹಿಡಿಯುವುದು. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಬಹುತೇಕ ತಾಳೆಯಾಯಿತು. ಸ್ಯಾಂಟೋರಿಯೊನ ವ್ಯತ್ಯಾಸ ಕೊನೆಗೂ ಚುಕ್ತಾ! ಪಿಷ್ಟಕ್ಕೆ ಗ್ರಾಮಿಗೆ 4, ಪ್ರೋಟೀನಿಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂದು ಇವತ್ತಿಗೂ ಬಿಸ್ಕತ್ತಿನ ಪೊಟ್ಟಣದ ಹಿಂದಿನ ಲೆಕ್ಕ ಅವರದೇ.

ಆಟ್‌ವಾಟರ್ ಅವರ ಚಿಂತೆ ಬೊಜ್ಜಿನದಾಗಿರಲಿಲ್ಲ. ಕಡಿಮೆ ಕೂಲಿಯ ಕಾರ್ಮಿಕ ಕಡಿಮೆ ದುಡ್ಡಿಗೆ ಹೆಚ್ಚು ಶಕ್ತಿ ಕೊಳ್ಳುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಲೆಕ್ಕವನ್ನು ತಿರುಗಿಸಿ ಹಿಡಿದವರು ಲಾಸ್ ಏಂಜಲೀಸಿನ ವೈದ್ಯೆ ಲೂಲು ಹಂಟ್ ಪೀಟರ್ಸ್. ಸ್ವತಃ 220 ಪೌಂಡು ತೂಗುತ್ತಿದ್ದು, 70 ಪೌಂಡು ಇಳಿಸಿದ ಹೆಂಗಸು. 1918ರ ಅವರ ಪುಸ್ತಕದ ಹೊಸ ಮಾತೆಂದರೆ, ಇನ್ನು ಮುಂದೆ ಒಂದು ತುಂಡು ಬ್ರೆಡ್ಡು ಎನ್ನಬೇಡಿ, 100 ಕ್ಯಾಲೊರಿ ಬ್ರೆಡ್ಡು ಎನ್ನಿ. ತೂಕ ಇಳಿಸಲು ದಿನಕ್ಕೆ 1,200 ಎಂಬ ಅಂಕಿ ಜನಪ್ರಿಯವಾದದ್ದು ಇಲ್ಲಿಂದಲೇ. ಅದು ಮೊದಲನೆಯ ಮಹಾಯುದ್ಧದ ಕಾಲ. ಕಡಿಮೆ ತಿಂದು ಉಳಿಸುವುದು ದೇಶಸೇವೆ ಎಂದೂ ಬರೆದರು. 1924 ಮತ್ತು 1925ರಲ್ಲಿ ಅಮೆರಿಕದಲ್ಲಿ ಕಥೆ-ಕಾದಂಬರಿ ಬಿಟ್ಟು ಉಳಿದ ಪುಸ್ತಕಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಇದು.

ಕೂನೂರು, ಮದ್ರಾಸು, ಪುಣೆ

ನಮ್ಮ ದೇಶದಲ್ಲಿ ಈ ಕೆಲಸ ಶುರುವಾದದ್ದು ನೀಲಗಿರಿಯ ಕೂನೂರಿನಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ಒಂದು ಕೋಣೆಯ ಪ್ರಯೋಗಶಾಲೆ. ಆಗಿನ ಚಿಂತೆ ಬೆರಿಬೆರಿ ರೋಗ. 1937ರಲ್ಲಿ ಅಲ್ಲಿನ ನಿರ್ದೇಶಕ ವ್ಯಾಲೆಸ್ ಏಕ್ರಾಯ್ಡ್ ನಮ್ಮ ಧಾನ್ಯ, ಬೇಳೆ, ಸೊಪ್ಪುಗಳ ಸತ್ವದ ಕೋಷ್ಟಕಗಳನ್ನು ಒಂದು ಕೈಪಿಡಿಯಾಗಿ ಹೊರತಂದರು. ಮುಂದೆ ಆ ಸಂಸ್ಥೆ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದು ಹೆಸರಾಯಿತು. ಹೈದರಾಬಾದಿನ ಕನ್ನಡಿಗರು ತಾರ್ನಾಕಾ ಕಡೆ ಹೋಗುವಾಗ ಆ ಕಟ್ಟಡ ನೋಡಿರುತ್ತೀರಿ. ಆ ಕೈಪಿಡಿಯ ಮುಂದಿನ ರೂಪ, ಗೋಪಾಲನ್ ಮತ್ತಿತರರು ಸಿದ್ಧಪಡಿಸಿದ್ದು, ನನ್ನ ಬಳಿ ಇದೆ. ಕೋಟೆಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕದವನಿಂದ ಕೊಂಡದ್ದು. ರಾಗಿ 328, ತೊಗರಿಬೇಳೆ 335, ಶೇಂಗಾ 567. ಆಯಿಯ ಶೇಂಗಾ ಚಟ್ನಿ ಯಾಕೆ ಅಷ್ಟು "ತಾಕತ್ತಿಂದು" ಎಂದು ಈಗ ಗೊತ್ತಾಯಿತು.

1931ರಲ್ಲಿ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲೆನರ್ ಮೇಸನ್, ಅಮೆರಿಕದ ಬೆನೆಡಿಕ್ಟ್ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರು ಸುಮ್ಮನೆ ಮಲಗಿದ್ದಾಗ ದೇಹ ಎಷ್ಟು ಉರಿಸುತ್ತದೆಂದು ಅಳೆದು ಪ್ರಕಟಿಸಿದರು. ಅಮೆರಿಕದ ಅಳತೆಗಿಂತ ಸಾಕಷ್ಟು ಕಡಿಮೆ ಬಂತು. ಬೇರೆಯವರ ಕೋಷ್ಟಕವನ್ನು ನಮ್ಮ ಮೈಗೆ ಹಾಗೇ ಹೊಲಿಸಿಕೊಳ್ಳಬಾರದೆಂಬ ಪಾಠ ಅಷ್ಟು ಹಿಂದೆಯೇ ಸಿಕ್ಕಿತ್ತು. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮ ಇಂಗ್ಲಿಷ್ ಸ್ನೇಹಿತನೊಂದಿಗೆ ತೆಗೆಸಿಕೊಂಡ ಫೋಟೋ ಪ್ರಸಿದ್ಧ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಸ್ನೇಹಿತನ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರಲ್ಲಿ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬು!

ಅದೇ ಪುಣೆಯಲ್ಲಿ 1971ರಲ್ಲಿ ದಾಂಡೇಕರ್ ಮತ್ತು ರಥ್ ದಿನಕ್ಕೆ 2,250 ಕ್ಯಾಲೊರಿ ಕೊಳ್ಳಲಾಗದವರು ಬಡವರು ಎಂದು ಲೆಕ್ಕ ಹಾಕಿದರು. 1979ರಲ್ಲಿ ಯೋಜನಾ ಆಯೋಗದ ತಂಡ ಹಳ್ಳಿಗೆ 2,400, ಪೇಟೆಗೆ 2,100 ಎಂದಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬಡವರ ಸಾಲದ ಯೋಜನೆಗಳೆಲ್ಲ ನಿಂತಿದ್ದದ್ದು ಈ ಬಡತನದ ರೇಖೆಯ ಮೇಲೆ. ಅರ್ಜಿ ನೋಡುವಾಗ ಅದರ ಬುಡದಲ್ಲಿ ಅನ್ನದ ಶಾಖ ಇದೆಯೆಂದು ನಮಗಾರಿಗೂ ಹೊಳೆದಿರಲಿಲ್ಲ.

ಮಿನೆಸೋಟಾದ 36 ಯುವಕರು

1944ರ ನವೆಂಬರಿನಲ್ಲಿ, ಯುದ್ಧದಿಂದ ಹಸಿದ ಯುರೋಪಿಗೆ ಮತ್ತೆ ಉಣ್ಣಿಸುವುದು ಹೇಗೆಂದು ತಿಳಿಯಲು ಅಮೆರಿಕದ ಆನ್ಸೆಲ್ ಕೀಸ್ 36 ಯುವಕರ ಮೇಲೆ ಪ್ರಯೋಗ ಶುರುಮಾಡಿದರು. ಎಲ್ಲರೂ ಬಂದೂಕು ಹಿಡಿಯಲು ಒಪ್ಪದೆ ತಾವಾಗಿ ಮುಂದೆ ಬಂದವರು. ಆರು ತಿಂಗಳು ದಿನಕ್ಕೆ ಸುಮಾರು 1,570 ಕ್ಯಾಲೊರಿ, ವಾರಕ್ಕೆ 22 ಮೈಲಿ ನಡಿಗೆ. ಗಮನಿಸಿದಿರಾ? ಮತ್ತೆ ಅದೇ ಅಂಕಿ, ಟೆಂಪಲ್ ಸಾಹೇಬನ ಒಂದು ಪೌಂಡು.

ಅವರು ತೂಕದ ಕಾಲುಭಾಗ ಕಳೆದುಕೊಂಡರು. ಅದು ಬಿಡಿ, ನಡತೆಯೇ ಬದಲಾಯಿತು. ತಟ್ಟೆ ನೆಕ್ಕುವುದು, ಅಡುಗೆ ಪುಸ್ತಕ ಓದುತ್ತಾ ಕೂರುವುದು, ಸಿಟ್ಟು, ಚಳಿ, ಮಂಕು. ದೇಹ ಒಲೆಯನ್ನು ತಾನೇ ಸಣ್ಣ ಮಾಡಿಕೊಂಡಿತು. ಊಟ ಮತ್ತೆ ಸಿಕ್ಕಾಗ ಕೊಬ್ಬು ಮೊದಲಿಗಿಂತ ಹೆಚ್ಚೇ ಸೇರಿತು. ಇವರು ತೆಳ್ಳಗಿನ ಹುಡುಗರು, ಕಳೆದುಕೊಳ್ಳಲು ಉಳಿತಾಯವೇ ಇರಲಿಲ್ಲ ಎಂಬುದು ನಿಜ. ಆದರೂ ಬೇಗ ಇಳಿಸುವ ಆಸೆಯಲ್ಲಿ ದಿನಕ್ಕೆ 800ಕ್ಕೆ ಇಳಿಯುವವರು ಈ ಹುಡುಗರನ್ನು ಒಮ್ಮೆ ನೆನೆಯಬೇಕು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವ ಪ್ರೋಟೀನಿನ ಪಥ್ಯ ಹಿಡಿದವರಲ್ಲಿ ಸುಮಾರು 60 ಸಾವುಗಳಾದವು, ಹೆಚ್ಚಿನವು ಹೃದಯದ ತಾಳ ತಪ್ಪಿ.

ಸವಕಳಿಯ ಎರಡು ಪದ್ಧತಿ

ಇನ್ನು ನನ್ನ ಇಷ್ಟದ ಭಾಗ. 1958ರಲ್ಲಿ ನ್ಯೂಯಾರ್ಕಿನ ವೈದ್ಯ ವಿಷ್ನಾಫ್ಸ್ಕಿ ಒಂದು ಪೌಂಡು ಮೈತೂಕಕ್ಕೆ 3,500 ಕ್ಯಾಲೊರಿ ಎಂದು ಬರೆದರು. ಅಂದರೆ ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಒಂದು ಪೌಂಡು, ವರ್ಷಕ್ಕೆ 52 ಪೌಂಡು, ಸುಮಾರು 23 ಕಿಲೋ. ಐವತ್ತು ವರ್ಷ ಲೋಕವೆಲ್ಲ ಇದನ್ನೇ ನಂಬಿತು. ಬಿ.ಕಾಂ ಓದಿದವರಿಗೆ ಇದು ಏನೆಂದು ಹೇಳಬೇಕಾಗಿಲ್ಲ, ಸ್ಟ್ರೈಟ್ ಲೈನ್ ಸವಕಳಿ. ಪ್ರತಿವರ್ಷ ಒಂದೇ ಮೊತ್ತ ಕಳೆಯುತ್ತಾ ಹೋಗುವುದು. ಹೀಗೇ ಹೋದರೆ ಕೆಲವು ವರ್ಷಕ್ಕೆ ಮನುಷ್ಯನೇ ಪುಸ್ತಕದಿಂದ ಮಾಯ!

ದೇಹ ನಡೆಸುವುದು ರೆಡ್ಯೂಸಿಂಗ್ ಬ್ಯಾಲೆನ್ಸ್ ಪದ್ಧತಿ. ತೂಕ ಇಳಿದಂತೆ ಮೈಯ ಖರ್ಚೂ ಇಳಿಯುತ್ತದೆ, ಕೊರತೆ ತಾನಾಗಿ ಕಿರಿದಾಗುತ್ತದೆ. 2011ರಲ್ಲಿ ಅಮೆರಿಕದ ಕೆವಿನ್ ಹಾಲ್ ಮತ್ತು ಜೊತೆಗಾರರು ಕೊಟ್ಟ ಹೊಸ ಲೆಕ್ಕ ಹೀಗಿದೆ: ದಿನಕ್ಕೆ ಖಾಯಂ ಆಗಿ 10 ಕ್ಯಾಲೊರಿ ಕಡಿಮೆ ಮಾಡಿದರೆ ಕೊನೆಗೆ ಒಂದು ಪೌಂಡು ಇಳಿಯುತ್ತದೆ. ಅದರಲ್ಲಿ ಅರ್ಧ ಸುಮಾರು ಒಂದು ವರ್ಷದಲ್ಲಿ, ಬಹುಪಾಲು ಮೂರು ವರ್ಷದಲ್ಲಿ. ಹಾಗಾಗಿ 500 ಕಡಿತಕ್ಕೆ ಮೊದಲ ವರ್ಷ 25 ಪೌಂಡು, ಹಳೆಯ ಲೆಕ್ಕದ ಅರ್ಧಕ್ಕಿಂತ ಕಡಿಮೆ.

ನನ್ನ ಖಾತೆಯನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಗಡಿಯಲ್ಲಿದೆ ಎಂದು ವೈದ್ಯರು ಎಚ್ಚರಿಸಿದಾಗ ನಾನು 81 ಕಿಲೋ. ಎರಡು ಚಹಾದ ಸಕ್ಕರೆ, ಸಂಜೆಯ ಫರಸಾಣ, ರಾತ್ರಿಯ ಅನ್ನದಲ್ಲಿ ಅರ್ಧ, ಒಟ್ಟು ದಿನಕ್ಕೆ 250-300 ಕ್ಯಾಲೊರಿ ಕಡಿತ. ಊಟ 1,800ರ ಸುತ್ತ ನಿಂತಿತು. ಹಬ್ಬದ ಹೋಳಿಗೆ ಬಿಡಲಿಲ್ಲ. ಮೊದಲ ವರ್ಷ 6 ಕಿಲೋ ಇಳಿಯಿತು, ಎರಡನೆಯ ವರ್ಷ 3. ಎರಡನೆಯ ವರ್ಷದಲ್ಲಿ ನನ್ನ ಹೆಂಡತಿ "ಮುಳ್ಳು ಕದಲ್ತಾನೇ ಇಲ್ಲವಲ್ಲ, ಬಿಟ್ಟುಬಿಡಿ" ಎಂದಳು. ಸವಕಳಿಯ ಪದ್ಧತಿ ಗೊತ್ತಿದ್ದದ್ದರಿಂದ ಬಿಡಲಿಲ್ಲ. ಬಹಳ ಜನ ಸೋಲುವುದು ಇಲ್ಲೇ. ಲೆಕ್ಕದ ಪ್ರಕಾರವೇ ನಿಧಾನವಾಗಬೇಕಾದದ್ದನ್ನು ತಮ್ಮ ಮನೋಬಲದ ಕೊರತೆ ಎಂದುಕೊಂಡು ಕೈಬಿಡುತ್ತಾರೆ.

ನಿಧಾನವೇ ಪ್ರಧಾನವೇ?

ನಿಧಾನವಾಗಿ ಇಳಿಸಿದ್ದು ಮತ್ತೆ ಏರುವುದಿಲ್ಲ ಎಂಬ ನಂಬಿಕೆ ಇದೆ. 2014ರಲ್ಲಿ ಮೆಲ್ಬರ್ನಿನಲ್ಲಿ 200 ಜನರನ್ನು ಎರಡು ಗುಂಪು ಮಾಡಿ, ಕೆಲವರನ್ನು 12 ವಾರದಲ್ಲಿ, ಕೆಲವರನ್ನು 36 ವಾರದಲ್ಲಿ ಇಳಿಸಿ ನೋಡಿದ ವರದಿ ಬಂತು. ಮೂರು ವರ್ಷದ ನಂತರ ಎರಡೂ ಗುಂಪಿನವರು ಇಳಿದದ್ದರಲ್ಲಿ ಸುಮಾರು 70 ಶೇಕಡಾ ಮರಳಿ ಪಡೆದಿದ್ದರು. ಅಂದರೆ ವೇಗ ಯಾವುದಾದರೂ, ಹಳೆಯ ಊಟಕ್ಕೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ. ಮಿತವಾದ ಕಡಿತದ ಗುಣ ಇಷ್ಟೇ: ಅದನ್ನು ವರ್ಷಗಟ್ಟಲೆ ನಡೆಸಬಹುದು, ಮನೆಯವರ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು.

ಇನ್ನೊಂದು ಸಮಾಧಾನದ ಮಾತು ಚೆನ್ನೈಯಿಂದ. ಅಲ್ಲಿನ ಡಾ. ರಾಮಚಂದ್ರನ್ ಅವರ ತಂಡ ಸಕ್ಕರೆಯ ಗಡಿಯಲ್ಲಿದ್ದ 531 ಜನರ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಊಟ-ನಡಿಗೆ ತಿದ್ದಿಕೊಂಡವರಲ್ಲಿ ಕಾಯಿಲೆ ಬರುವುದು 28.5 ಶೇಕಡಾ ಕಡಿಮೆಯಾಯಿತು, ಅವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ! ಮುಳ್ಳು ಕದಲದ ದಿನಗಳೂ ವ್ಯರ್ಥವಲ್ಲ ಎಂದಾಯಿತು. (ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಸಕ್ಕರೆ ಏಕಾಏಕಿ ಕುಸಿಯಬಹುದು.)

ಟೆಂಪಲ್ ಸಾಹೇಬನಿಗೂ ಒಂದು ಅಂಕಿ ಸಾಕಾಗಿತ್ತು. ತಿನ್ನುವವನ ಮೈ, ಅವನ ಕೆಲಸ, ಅವನ ಉಳಿತಾಯ ನೋಡಬೇಕೆನಿಸಲಿಲ್ಲ. ಕಾರ್ನಿಷ್ ನೋಡಿದರು. ಪಕ್ಕದವರು 1,200 ಎಂದರೆಂದು ನಾವೂ 1,200 ಹಿಡಿಯುವಾಗ, ಮನೆಗೆಲಸದ ಬಾಯಿಗೋ ಕಟ್ಟಡದ ವಾಚ್‌ಮನ್‌ಗೋ ಹೊಟ್ಟೆಗೆಷ್ಟು ಸಾಕೆಂದು ನಾವೇ ಅಂದಾಜು ಕಟ್ಟುವಾಗ, ಇಬ್ಬರಲ್ಲಿ ಯಾರ ಲೆಕ್ಕ ಹಾಕುತ್ತಿದ್ದೇವೆಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ನಿಮ್ಮ ಮನೆಯ ಹಿರಿಯರ ಬಾಯಲ್ಲೂ ಬರಗಾಲದ ಮಾತುಗಳು ಉಳಿದಿದ್ದರೆ, ಅವರು ಇರುವಾಗಲೇ ಕೇಳಿ ಬರೆದಿಡಿ.